ನಾಲ್ಕಕ್ಕೂ ಐದಕ್ಕೂ ನಡುವೆ

ಫೆಬ್ರವರಿ 9, ಭಾನುವಾರ

ಪ್ರೀತಿಯ ಎಡಚ,

ಈ ಕೈಬರಹ ಯಾರದ್ದೆಂದು ಲಕೋಟೆ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಹರಿದು ಎಸೆಯುವ ಮೊದಲು ಇದೊಂದು ಸಾಲು ಓದಿಬಿಡು: ನಾನು ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಕಾಗದ ಬರೆಯುವುದು ತಡವಾಯಿತು, ಕ್ಷಮಿಸು ಎಂದು ಎಲ್ಲರೂ ಬರೆಯುತ್ತಾರೆ. ಇಪ್ಪತ್ತಾರು ವರ್ಷ ತಡವಾದಾಗ ಏನು ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಅದನ್ನೇ ಬರೆಯುತ್ತೇನೆ. ತಡವಾಯಿತು ಕಣೋ, ಕ್ಷಮಿಸು.

ನಿನ್ನ ವಿಳಾಸ ಕೊಟ್ಟವನು ನಮ್ಮ ಹಳೆಯ ಸ್ಟೋರ್‌ಕೀಪರ್. ನೀನು ಬೀಗ ರಿಪೇರಿ ಅಂಗಡಿ ಇಟ್ಟಿದ್ದೀಯಂತೆ, ಮಗಳೂ ಜೊತೆಗೆ ಕೂತು ಕೀಲಿಕೈ ಮಾಡುತ್ತಾಳಂತೆ, ನಿನಗೆ ಕನ್ನಡಕ ಇನ್ನೂ ಬಂದಿಲ್ಲವಂತೆ. ಕೊನೆಯದನ್ನು ಕೇಳಿ ನನ್ನ ಹೊಟ್ಟೆ ಉರಿಯಿತು. ನನಗೆ ಎರಡು ಕನ್ನಡಕ, ಅದರ ಮೇಲೆ ಒಂದು ಕೆಟ್ಟ ಮಂಡಿ. ನಿವೃತ್ತನಾಗಿ ಏಳು ವರ್ಷವಾಯಿತು. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನಾನು ಹಗಲೆಲ್ಲ ಮನೆಯಲ್ಲೇ ಇರುತ್ತೇನೆ ಎಂಬುದೊಂದು ಬಿಟ್ಟರೆ ಅವಳಿಗೆ ಬೇರೆ ಕಷ್ಟವಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಯಜಮಾನರು ತೀರಿಕೊಂಡು ಬಹಳ ದಿನವಾಯಿತು. ಕಾರ್ಖಾನೆಯನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳೆ. ಬಿಸಾಡುವ ಪ್ಲಾಸ್ಟಿಕ್ ರೇಜರು ಮಾಡಿ ಮಾಡಿ ಬೇಸರ ಬಂದು, ನಾವಿಬ್ಬರು ಮಾಡಿದ್ದ ಆ ಅಂಕಿ ತಿರುಗಿಸುವ ರೇಜರನ್ನು ಮತ್ತೆ ತರಬೇಕೆಂದು ಹೊರಟಿದ್ದಾಳೆ. ಚಿತ್ರ ಬರೆದವನು ನಾನು, ಲೋಹದಲ್ಲಿ ಮಾಡಿದವನು ನೀನು. ನೀನು ಊರು ಬಿಟ್ಟೆ. ಹಾಗಾಗಿ ನನಗೆ ಕರೆ ಬಂತು. ಹೊಸ ಶರ್ಟು ಹಾಕಿಕೊಂಡು ಮದುಮಗನ ಹಾಗೆ ಹೋದೆ.

ಅಲ್ಲಿ ಒಬ್ಬಳು ಇಂಜಿನಿಯರ್ ಇದ್ದಾಳೆ. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸದಲ್ಲಿ ಬಲು ಹುಷಾರು. ನಮ್ಮ ರೇಜರಿನ ಕುತ್ತಿಗೆಯ ಒಳಗೆ ಕೂರುವ ಆ ಇಳಿಜಾರು ಉಂಗುರ ನೆನಪಿದೆಯಲ್ಲ? ಹೊರಗೆ ಒಂದರಿಂದ ಒಂಬತ್ತರ ಅಂಕಿ ತಿರುಗಿಸಿದರೆ ಒಳಗೆ ಉಂಗುರದ ಇಳಿಜಾರು ಸರಿದು, ಬ್ಲೇಡಿಗೂ ಕೆಳಗಿನ ತಟ್ಟೆಗೂ ನಡುವಿನ ಸಂದು ಚೂರು ಚೂರೇ ಹಿಗ್ಗಬೇಕು. ಒಂದರಲ್ಲಿ ಸಂದು ತೀರಾ ಸಣ್ಣದು, ಎಳೆಯ ಗಡ್ಡಕ್ಕೆ. ಒಂಬತ್ತರಲ್ಲಿ ದೊಡ್ಡದು, ಬ್ರಶ್ಶಿನಂಥ ಗಡ್ಡಕ್ಕೆ. ನೀನು ಕೈಯಾರೆ ಮಾಡಿದ ಮೊದಲ ಮಾದರಿ ಉಂಗುರವನ್ನು ಅವಳು ಅದೇನೋ ಬೆಳಕಿನ ಯಂತ್ರದಲ್ಲಿಟ್ಟು ಅಳೆದಿದ್ದಾಳೆ.

"ಸಾರ್, ಒಂದು ವಿಷ್ಯ ಅರ್ಥ ಆಗ್ತಿಲ್ಲ. ನಾಲ್ಕರಿಂದ ಐದಕ್ಕೆ ತಿರುಗಿಸಿದ್ರೆ ಏನೂ ಆಗೋದಿಲ್ಲ," ಅಂದಳು.

"ಏನೂ ಆಗೋದಿಲ್ಲ ಅಂದ್ರೆ?"

"ಸಂದು ಅಷ್ಟೇ ಇರುತ್ತೆ ಸಾರ್. ಇಳಿಜಾರು ಅಲ್ಲಿ ಸಮತಟ್ಟಾಗಿದೆ. ನಾಲ್ಕೂ ಐದೂ ಎರಡೂ ಒಂದೇ."

ನಾನು ನಕ್ಕುಬಿಟ್ಟೆ. ಬೇರೆ ಯಾವ ಅಂಕಿಯ ವಿಷಯ ಹೇಳಿದ್ದರೂ ಒಂದು ಪಕ್ಷ ನಂಬುತ್ತಿದ್ದೆ. ನಾಲ್ಕು ಮತ್ತು ಐದು! ಮನೆಗೆ ಬಂದು ನನ್ನ ಸ್ವಂತ ರೇಜರು ತೆಗೆದೆ, ಸಂದಿಗೆ ತೂರಿಸಿ ಅಳೆಯುವ ಆ ತೆಳು ತಗಡುಗಳ ಗೊಂಚಲು ತೆಗೆದೆ. ಒಂದೊಂದೇ ತಗಡು ತೂರಿಸಿ ನೋಡಿದೆ. ನಾಲ್ಕಕ್ಕೆ ಬಿಗಿಯಾಗಿ ಹೋದ ತಗಡೇ ಐದಕ್ಕೂ ಅಷ್ಟೇ ಬಿಗಿಯಾಗಿ ಹೋಯಿತು. ಗೊಂಚಲು ಕೈಜಾರಿ ಸಿಂಕಿಗೆ ಬಿತ್ತು. ನಿನ್ನ ಅತ್ತಿಗೆ ಅಡುಗೆಮನೆಯಿಂದ "ಏನು ಬಿತ್ತು?" ಎಂದು ಕೇಳಿದಳು. ಏನು ಬಿತ್ತೆಂದು ನನಗೇ ಗೊತ್ತಾಗಲಿಲ್ಲ.

ಈಗ ಇಂಜಿನಿಯರಮ್ಮ ಒಂದು ಫಾರಂ ಕೊಟ್ಟಿದ್ದಾಳೆ. ಮಾರ್ಚ್ ಕೊನೆಯೊಳಗೆ ನಾನು ಸಹಿ ಹಾಕಿ ಕೊಡಬೇಕು. ಆ ಸಮತಟ್ಟು ದೋಷವೋ, ಬೇಕೆಂದೇ ಮಾಡಿದ್ದೋ? ದೋಷ ಎಂದರೆ ಅವರು ಸರಿಪಡಿಸುತ್ತಾರೆ, ಆದರೆ ಕಾರ್ಖಾನೆಯ ಕಡತದಲ್ಲಿ "ಮೂಲ ಮಾದರಿ ತಯಾರಿಸಿದವರ ಕೈತಪ್ಪು" ಎಂದು ನಿನ್ನ ಹೆಸರಿನ ಎದುರು ಶಾಶ್ವತವಾಗಿ ಕೂರುತ್ತದೆ. ಬೇಕೆಂದೇ ಮಾಡಿದ್ದು ಎಂದರೆ ಕಾರಣ ಬರೆಯಬೇಕು. ನನಗೆ ಕಾರಣ ಗೊತ್ತಿಲ್ಲ. ನಿನ್ನ ಕೈ ತಪ್ಪುವುದನ್ನು ಹದಿನಾಲ್ಕು ವರ್ಷದಲ್ಲಿ ನಾನು ಒಂದು ದಿನವೂ ನೋಡಿಲ್ಲ. ತಲೆ ಬುಡ ತಿಳಿಯುತ್ತಿಲ್ಲ ಮಾರಾಯ.

ಹಳೆಯದನ್ನು ಕೆದಕುವ ಆಸೆ ನನಗಿಲ್ಲ. ಹೊಸದಾಗಿ ಕೊಂಡವನು ಎಲ್ಲಿಂದ ಶುರು ಮಾಡಬೇಕೆಂದು ತೋರಿಸಲು ಒಂದು ಅಂಕಿಯ ಮೇಲೆ ಕೆಂಪು ಚುಕ್ಕೆ ಇಡಬೇಕಿತ್ತು. ಹೊಸಬರ ಕೆನ್ನೆ ಕುಯ್ಯಬಾರದು, ನಾಲ್ಕಕ್ಕೆ ಇಡು ಅಂದೆ ನೀನು. ಗಡ್ಡವೇ ಹೋಗದಿದ್ದರೆ ರೇಜರು ಯಾಕೆ, ಐದಕ್ಕೇ ಇಡಬೇಕು ಅಂದೆ ನಾನು. ಮಾತಿಗೆ ಮಾತು ಬೆಳೆದು ಇಡೀ ಕಾರ್ಖಾನೆ ನಿನ್ನನ್ನು ನಾಲ್ಕಪ್ಪ ಎಂದೂ ನನ್ನನ್ನು ಐದಪ್ಪ ಎಂದೂ ಕರೆಯುವಂತಾಯಿತು. ಕೊನೆಗೆ ಯಜಮಾನರು ಮೂವತ್ತು ಜನರ ಮುಖದ ಮೇಲೆ ಪರೀಕ್ಷೆ ಮಾಡಿಸಿದರು. ಇಪ್ಪತ್ತೆರಡು ಜನ ಐದು ಅಂದರು. ಅಲ್ಲಿಗೆ ಮುಗಿಯಿತು. ನೀನು ವಾರದೊಳಗೆ ಕೆಲಸ ಬಿಟ್ಟು ಹೋದೆ. ಅದಿರಲಿ.

ಸಮತಟ್ಟು ಹೇಗೆ ಬಂತು? ಅಷ್ಟು ಮಾತ್ರ ಹೇಳು. ನಿನ್ನ ಮಗಳಿಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ,
ಐದಪ್ಪ

ಮರೆತಿದ್ದೆ: ನಾನು ಈಗಲೂ ದಿನಾ ಬೆಳಿಗ್ಗೆ ಐದರಲ್ಲೇ ಗಡ್ಡ ಹೆರೆಯುತ್ತೇನೆ. ಚುಚ್ಚಲು ಹೇಳಿದ್ದಲ್ಲ. ಅಭ್ಯಾಸ.


ಫೆಬ್ರವರಿ 23, ಭಾನುವಾರ

ಎಡಚ,

ಎರಡು ವಾರವಾಯಿತು, ನಿನ್ನಿಂದ ಸುದ್ದಿಯಿಲ್ಲ. ಅಂಚೆಯವನು ನಮ್ಮ ಗೇಟಿನ ಮುಂದೆ ಸೈಕಲ್ ನಿಧಾನ ಮಾಡದೆ ಹೋಗುತ್ತಾನೆ. ನಾನು ಗೇಟಿಗೆ ಎಣ್ಣೆ ಹಾಕುವ ನೆಪದಲ್ಲಿ ಅಲ್ಲೇ ನಿಂತಿರುತ್ತೇನೆ. ಗೇಟು ಈಗ ಸದ್ದೇ ಮಾಡುವುದಿಲ್ಲ.

ಈ ಎರಡು ವಾರದಲ್ಲಿ ನಾನು ಏನೇನು ಮಾಡಿದೆ ಕೇಳು. ಮೊದಲು, ಅಳತೆ ಏನೇ ಹೇಳಲಿ ಮುಖ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಎಡಗೆನ್ನೆಯನ್ನು ನಾಲ್ಕರಲ್ಲಿ, ಬಲಗೆನ್ನೆಯನ್ನು ಐದರಲ್ಲಿ ಹೆರೆದೆ. ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಯಿತು! ಐದರ ಕಡೆ ನುಣುಪು, ನಾಲ್ಕರ ಕಡೆ ತರಿತರಿ. ಓಡಿ ಬಂದು ನಿನ್ನ ಅತ್ತಿಗೆಗೆ ಕೆನ್ನೆ ತೋರಿಸಿದೆ. ಅವಳು ಎರಡೂ ಕಡೆ ಸವರಿ, "ಎರಡೂ ಕಡೆ ಸೋಪು ಹಾಗೇ ಇದೆ" ಅಂದಳು.

ಮಾರನೆಯ ದಿನ ಅವಳೇ ಒಂದು ಉಪಾಯ ಹೇಳಿದಳು. ನಾನು ಕಣ್ಣು ಮುಚ್ಚಿಕೊಳ್ಳಬೇಕು, ಅವಳು ಅಂಕಿ ತಿರುಗಿಸಿ ಕೈಗೆ ಕೊಡಬೇಕು, ನಾನು ಯಾವ ಅಂಕಿ ಎಂದು ಹೇಳಬೇಕು. ಏಳು ದಿನ ನಡೆಯಿತು. ಏಳರಲ್ಲಿ ಮೂರು ದಿನ ಸರಿ ಹೇಳಿದೆ. ನಾಲ್ಕು ದಿನ ತಪ್ಪು. ಕೊನೆಯ ದಿನ ನಾನು "ಇದು ಐದು, ಸಂಶಯವೇ ಇಲ್ಲ, ಬ್ಲೇಡಿನ ಸದ್ದೇ ಹೇಳ್ತಿದೆ" ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬ್ಲೇಡೇ ಹಾಕಿರಲಿಲ್ಲ.

ಮೂಲೆಯ ಕಟಿಂಗ್ ಶಾಪಿನವನ ಬಳಿಯೂ ಹೋದೆ. ಅವನು ದಿನಕ್ಕೆ ನಲವತ್ತು ಮುಖ ನೋಡುವವನು. ರೇಜರು ಕೊಟ್ಟು, ನಾಲ್ಕು ಮತ್ತು ಐದು ಬೇರೆ ಬೇರೆ ಅನಿಸುತ್ತದೋ ನೋಡು ಅಂದೆ. ನನ್ನ ಮುಖವನ್ನೇ ಹೆರೆದು, ರೇಜರನ್ನು ತೊಳೆದು, "ಎರಡೂ ಒಂದೇ ಸಾರ್. ಇದನ್ನ ಹೇಳೋಕೆ ಇಂಜಿನಿಯರ್ ಬೇಕಾ?" ಅಂದ. ತಲೆ ಕೆಟ್ಟು ಗೊಬ್ಬರವಾಯಿತು. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಾನು ಅನುಭವಿಸಿದ ಆ ಐದರ ಸುಖ ಯಾವುದು ಹಾಗಾದರೆ?

ಇಷ್ಟರಲ್ಲಿ ಇಂಜಿನಿಯರಮ್ಮ ಫೋನ್ ಮಾಡಿ ಕರೆಸಿದಳು. ಮಾದರಿ ಉಂಗುರವನ್ನು ಭೂತಗನ್ನಡಿ ಕೆಳಗೆ ಇಟ್ಟಿದ್ದಳು. ಉಂಗುರದ ಎಲ್ಲ ಕಡೆ ಯಂತ್ರದಲ್ಲಿ ಉಜ್ಜಿದ ಗುಂಡು ಗೆರೆಗಳು. ನಾಲ್ಕರ ಹತ್ತಿರದಿಂದ ಐದರವರೆಗೆ ಮಾತ್ರ ಲೋಹ ಉಜ್ಜುವ ಕೈ ಅರದ ಗೆರೆಗಳು, ಸಣ್ಣಗೆ, ಒತ್ತೊತ್ತಾಗಿ, ಬಹಳ ನಾಜೂಕಾಗಿ.

"ಇದು ತಪ್ಪಲ್ಲ ಸಾರ್," ಅಂದಳು. "ಯಾರೋ ಕೂತು, ಸಾವಧಾನವಾಗಿ ಅರ ಹಾಕಿದ್ದಾರೆ. ಆದ್ರೆ ಗೆರೆ ಎಲ್ಲಾ ಉಲ್ಟಾ ವಾಲಿವೆ ನೋಡಿ."

ಆ ಕಾರ್ಖಾನೆಯಲ್ಲಿ ಎಡಗೈಯಲ್ಲಿ ಅರ ಹಿಡಿಯುತ್ತಿದ್ದವನು ಒಬ್ಬನೇ.

ಹಾಗಾದರೆ ಬೇಕೆಂದೇ ಮಾಡಿದೆ. ಈಗ ನನಗೆ ಅರ್ಥವಾಯಿತು. ಸೋಲುತ್ತೇನೆ ಅಂತ ಗೊತ್ತಾದಾಗ ನನ್ನ ಐದನ್ನು ಕದ್ದು ನಿನ್ನ ನಾಲ್ಕು ಮಾಡಿಟ್ಟೆ ಅಲ್ಲವಾ? ಹೊರಗೆ ಅಂಕಿ ನನ್ನದು, ಒಳಗೆ ಉಂಗುರ ನಿನ್ನದು. ನಾನು ಎದೆಯುಬ್ಬಿಸಿಕೊಂಡು ಐದು ಐದು ಎಂದು ಓಡಾಡುವಾಗ ನೀನು ಎಲ್ಲೋ ಕೂತು ಬೀಗ ಬಿಚ್ಚುತ್ತಾ ನಗುತ್ತಿದ್ದೆ. ಇಪ್ಪತ್ತಾರು ವರ್ಷ ನನ್ನ ಕೈಯಿಂದಲೇ ನನಗೆ ನಾಲ್ಕರಲ್ಲಿ ಗಡ್ಡ ಹೆರೆಸಿದೆ. ಎಂಥ ಮನುಷ್ಯನಯ್ಯಾ ನೀನು! ಎದುರು ನಿಂತು ಜಗಳ ಆಡಿದ್ದರೆ ಆಗುತ್ತಿರಲಿಲ್ಲವಾ?

ಫಾರಂನಲ್ಲಿ ಏನು ಬರೆಯಬೇಕೋ ನನಗೆ ಈಗ ಚೆನ್ನಾಗಿ ಗೊತ್ತು. ಉತ್ತರ ಬರೆಯುವುದಾದರೆ ಬೇಗ ಬರೆ.

ಐದಪ್ಪ


ಮಾರ್ಚ್ 8, ಶನಿವಾರ

ಪ್ರೀತಿಯ ಎಡಚ,

ಹೋದ ಕಾಗದವನ್ನು ನೀನು ಇನ್ನೂ ಓದಿರದಿದ್ದರೆ ಓದಬೇಡ. ಓದಿದ್ದರೆ, ಅದನ್ನು ಬರೆದವನು ಮೂರ್ಖ ಎಂದು ತಿಳಿದುಕೊಂಡು ಇದನ್ನು ಓದು. ನಿನ್ನ ಅತ್ತಿಗೆಯ ಅಭಿಪ್ರಾಯವೂ ಅದೇ.

ಆದದ್ದು ಇಷ್ಟು. ಆ ಕಾಗದ ಅಂಚೆಗೆ ಹಾಕಿ ಬಂದು ಇವಳ ಮುಂದೆ ಕೂಗಾಡಿದೆ. ನನ್ನ ಐದನ್ನು ಅವನು ನಾಲ್ಕು ಮಾಡಿದ, ಬೆನ್ನಿಗೆ ಚೂರಿ ಹಾಕಿದ, ಹಾಗೆ ಹೀಗೆ. ಅವಳು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಅಳೆದು ನೋಡಿದ್ರಾ?"

"ಏನು?"

"ಎರಡೂ ಒಂದೇ ಅಂತೀರಿ. ಎರಡೂ ನಾಲ್ಕಾ, ಎರಡೂ ಐದಾ? ಅದನ್ನ ಅಳೆದ್ರಾ?"

ಎಡಚ, ನಾನು ಅಳೆದಿರಲಿಲ್ಲ. ಅಂದು ಒಂದೇ ತಗಡು ಎರಡಕ್ಕೂ ಹೋಯಿತು ಎಂದು ನೋಡಿದೆನೇ ಹೊರತು ಆ ತಗಡಿನ ಮೇಲೆ ಎಷ್ಟು ಎಂದು ಕೊರೆದಿದೆ ಎಂದು ಓದಿರಲಿಲ್ಲ. ಓದುವ ಕನ್ನಡಕ ಹಾಸಿಗೆಯ ಮೇಲಿತ್ತು. ಅಳೆಯದೆ ಬಾಯಿ ಬಿಡಬೇಡಿ ಎಂದು ಹೊಸಬರನ್ನೆಲ್ಲ ಗದರಿಸುತ್ತಿದ್ದ ಮನುಷ್ಯ ನಾನೇ.

ಅಳೆದೆ. ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನಾಲ್ಕರ ಸಂದು ನಲವತ್ತೆಂಟು ಇರಬೇಕು, ಐದರದ್ದು ಐವತ್ತನಾಲ್ಕು. ನನ್ನದೇ ಚಿತ್ರ, ನನ್ನದೇ ಅಂಕಿ. ತಗಡಿನ ಮೇಲೆ ಐವತ್ತನಾಲ್ಕು ಎಂದಿತ್ತು. ನಾಲ್ಕರಲ್ಲೂ ಐವತ್ತನಾಲ್ಕು.

ಸುಮ್ಮನೆ ಕೂತು ಯೋಚಿಸಿದ್ದರೆ ಅಳೆಯುವುದೇ ಬೇಕಿರಲಿಲ್ಲ. ಅರ ಲೋಹವನ್ನು ತಗ್ಗಿಸುತ್ತದೆ, ಬೆಳೆಸುವುದಿಲ್ಲ. ಉಂಗುರ ತಗ್ಗಿದಷ್ಟೂ ತಟ್ಟೆ ಕೆಳಗಿಳಿದು ಸಂದು ಹಿಗ್ಗುತ್ತದೆ. ಅಂದರೆ ಅರ ಹಾಕಿ ನಾಲ್ಕನ್ನು ಐದು ಮಾಡಬಹುದು, ಐದನ್ನು ನಾಲ್ಕು ಮಾಡಲು ಬರುವುದೇ ಇಲ್ಲ. ನೀನು ಸವೆಸಿದ್ದು ನನ್ನ ಐದನ್ನಲ್ಲ. ನಿನ್ನ ನಾಲ್ಕನ್ನು.

ಇದು ಗೊತ್ತಾದ ಮೇಲೆ ಗೊಂದಲ ಕಡಿಮೆಯಾಗಬೇಕಿತ್ತು. ಹೆಚ್ಚಾಗಿದೆ. ನಿನ್ನನ್ನು ಕಳ್ಳ ಎಂದು ಬೈಯುವಾಗ ನನಗೆ ಎಲ್ಲವೂ ಸ್ಪಷ್ಟವಾಗಿತ್ತು, ಊಟವೂ ರುಚಿಸುತ್ತಿತ್ತು. ಈಗ ತಟ್ಟೆಯ ಮುಂದೆ ಕೂತು ಬೆರಳಿನಿಂದ ಇಳಿಜಾರು ಬರೆಯುತ್ತೇನೆ. ಮೂರು ವಾರ ನನ್ನ ಜೊತೆ ಕಾಲು ಕೆರೆದು ಜಗಳಾಡಿದೆಯಲ್ಲ, ನಾಲ್ಕು ಬಿಟ್ಟರೆ ಇಲ್ಲ ಎಂದೆಯಲ್ಲ? ಅದೇ ನೀನು ಆ ನಾಲ್ಕನ್ನು ಕೈಯಾರೆ ಅರ ಹಾಕಿ ಅಳಿಸಿದೆಯಾ? ಯಾಕೆ? ಸೋತ ಸಿಟ್ಟಿಗಾ?

ಹೋದ ವಾರ ಕಾರ್ಖಾನೆಯ ಹಳೆಯ ಕೆಲಸದ ಚೀಟಿಗಳನ್ನು ಹುಡುಕಿಸಿದೆ. ಮಾದರಿ ಉಂಗುರಕ್ಕೆ "ಕೆಲಸ ಮುಗಿದಿದೆ" ಎಂದು ನೀನು ಸಹಿ ಹಾಕಿದ ಚೀಟಿ ಸಿಕ್ಕಿತು. ಅದು ಪರೀಕ್ಷೆಗೆ ನಾಲ್ಕು ದಿನ ಮೊದಲಿನದು. ಪರೀಕ್ಷೆಗೆ ಕೊಟ್ಟ ಆರು ರೇಜರುಗಳ ಉಂಗುರವನ್ನೂ ಅದರಿಂದಲೇ ಅಚ್ಚು ತೆಗೆದದ್ದು. ಅಂದರೆ ಸೋತ ಮೇಲಲ್ಲ, ಸೋಲುವ ಮೊದಲೇ ಮಾಡಿದೆ. ಮೂವತ್ತು ಜನ ನಾಲ್ಕರಲ್ಲಿ ಒಮ್ಮೆ, ಐದರಲ್ಲಿ ಒಮ್ಮೆ ಗಡ್ಡ ಹೆರೆದಾಗ ಎರಡು ಸಲವೂ ಐದರಲ್ಲೇ ಹೆರೆದಿದ್ದರು. ಚುಕ್ಕೆ ನಿನ್ನ ಅಂಕಿಗೆ ಬಂದರೂ ಒಳಗೆ ಇರುವುದು ನನ್ನ ಸಂದು. ನನ್ನ ಅಂಕಿಗೆ ಬಂದರೂ ನನ್ನದೇ ಸಂದು. ಪರೀಕ್ಷೆ ಶುರುವಾಗುವ ಮೊದಲೇ ನೀನು ನನಗೆ ಬಿಟ್ಟುಕೊಟ್ಟಿದ್ದೆ. ಬಿಟ್ಟುಕೊಟ್ಟದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಇಂಜಿನಿಯರಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಪೆನ್ನು ಕಚ್ಚಿಕೊಂಡು ಯೋಚಿಸಿ, "ಹಾಗಾದ್ರೆ ಸಾರ್, ಆ ಇಪ್ಪತ್ತೆರಡು ಜನಕ್ಕೆ ಐದೇ ಚೆನ್ನಾಗಿದೆ ಅಂತ ಹೇಗೆ ಗೊತ್ತಾಯ್ತು?" ಅಂದಳು. ನನಗೂ ಮಂಡಿ ನೋವಿನಲ್ಲಿ ವ್ಯತ್ಯಾಸ ಗೊತ್ತಾಯಿತಲ್ಲಮ್ಮ, ಮನುಷ್ಯರ ಮುಖ ಹಾಗೇ ಎಂದು ಏನೋ ಹೇಳಿ ಬಂದೆ. ಮಂಡಿಗೂ ಮುಖಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಒಳ್ಳೆಯ ಹುಡುಗಿ.

ಇನ್ನೊಂದು ವಿಷಯ ನನ್ನನ್ನು ತಿನ್ನುತ್ತಿದೆ. ಇಷ್ಟು ವರ್ಷ ಲಕ್ಷಗಟ್ಟಲೆ ರೇಜರು ಮಾಡಿದೆವು, ಇದು ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಪ್ಯಾಕ್ ಮಾಡುವ ಮೊದಲು ಒಂದು, ಐದು, ಒಂಬತ್ತು ಇಷ್ಟನ್ನು ಮಾತ್ರ ಅಳೆದರೆ ಸಾಕು ಎಂದು ನಿಯಮ ಮಾಡಿದವನು ನಾನು. ಗೆದ್ದ ಅಮಲಿನಲ್ಲಿ ನಾಲ್ಕನ್ನು ತಿರುಗಿಯೂ ನೋಡಬಾರದು ಎಂದುಕೊಂಡಿದ್ದೆ. ನೋಡಿದ್ದರೆ ಆ ತಿಂಗಳೇ ಗೊತ್ತಾಗುತ್ತಿತ್ತು. ಬಸ್ಸು ಹತ್ತಿ ಬಂದು ನಿನ್ನ ಮನೆಯ ಬಾಗಿಲು ಬಡಿಯುತ್ತಿದ್ದೆ. ಬಡಿಯುತ್ತಿದ್ದೆನಾ? ಅದೂ ಗೊತ್ತಿಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ,
ಐದಪ್ಪ
(ಇನ್ನು ಮುಂದೆ ಈ ಹೆಸರು ಹಾಕಿಕೊಳ್ಳಲು ನಾಚಿಕೆ, ಆದರೆ ಬೇರೆ ಹೆಸರಿನಲ್ಲಿ ನಿನಗೆ ಗುರುತು ಸಿಗುವುದಿಲ್ಲ.)


ಮಾರ್ಚ್ 22, ಶನಿವಾರ

ಪ್ರೀತಿಯ ಎಡಚ,

ನಿನ್ನ ಕಾರ್ಡು ಗುರುವಾರ ಬಂತು. ಅಂಚೆಯವನು ಗೇಟಿನ ಮುಂದೆ ಸೈಕಲ್ ನಿಲ್ಲಿಸಿದಾಗ ನಾನು ನಿಜಕ್ಕೂ ಗೇಟಿಗೆ ಎಣ್ಣೆ ಹಾಕುತ್ತಿದ್ದೆ. ಎಡಕ್ಕೆ ವಾಲಿದ ಆ ಅಕ್ಷರ ನೋಡಿ ಎಣ್ಣೆಗೈಯಲ್ಲೇ ಕಾರ್ಡು ಕಿತ್ತುಕೊಂಡೆ. ಮೂರು ಉದ್ದುದ್ದ ಕಾಗದಕ್ಕೆ ಒಂದೇ ಸಾಲು ಬರೆದಿದ್ದೀಯ. "ಮೂವತ್ತು ಜನರ ಹಾಳೆ ಇನ್ನೂ ಇದೆಯಾ?" ಅಷ್ಟೇ. ಕ್ಷೇಮ ಇಲ್ಲ, ಸಹಿ ಇಲ್ಲ. ಕೆಳಗೆ ನಿನ್ನ ಮಗಳು ಬೇರೆ ಶಾಯಿಯಲ್ಲಿ, "ದೊಡ್ಡಪ್ಪ, ಅಪ್ಪ ನಿಮ್ಮ ಕಾಗದಗಳನ್ನು ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ" ಎಂದು ಬರೆದಿದ್ದಾಳೆ. ನನ್ನನ್ನು ನೋಡಿಯೇ ಇಲ್ಲದ ಹುಡುಗಿ ದೊಡ್ಡಪ್ಪ ಎಂದು ಕರೆದದ್ದು ಓದಿ, ಕಣ್ಣಿಗೆ ಎಣ್ಣೆ ಹಾರಿತು ಎಂದು ನಿನ್ನ ಅತ್ತಿಗೆಗೆ ಹೇಳಿದೆ.

ಆ ಹಾಳೆ ನಿನಗೆ ಯಾಕೆ ಬೇಕು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಹಳೇ ಕಾಗದ. ಯಜಮಾನರ ಕಡತದಲ್ಲಿ ಒಂದು ಪ್ರತಿ ಇತ್ತು, ಕಪಾಟಿಗೆ ಗೆದ್ದಲು ಹಿಡಿದಾಗ ಹೋಯಿತಂತೆ. ನೀನು ಕೇಳುವುದೇನು, ನಾನು ಉತ್ತರಿಸಬೇಕಾದ್ದೇನು ಒಂದೂ ಹೊಳೆಯುತ್ತಿಲ್ಲ. ಇರಲಿ, ಮೊದಲು ಬೇರೆ ಸುದ್ದಿ ಹೇಳುತ್ತೇನೆ.

ಫಾರಂ ಕೊಟ್ಟುಬಿಟ್ಟೆ. "ದೋಷವಲ್ಲ. ಮಾದರಿ ತಯಾರಿಸಿದವರು ಬೇಕೆಂದೇ ಮಾಡಿದ್ದು" ಎಂದು ಬರೆದೆ. ಕಾರಣದ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಇಂಜಿನಿಯರಮ್ಮ ಎರಡು ಸಲ ಚಹಾ ತರಿಸಿದಳು. ಕೊನೆಗೆ "ಇಬ್ಬರು ಕೆಲಸಗಾರರಲ್ಲಿ ಒಬ್ಬ ಇನ್ನೊಬ್ಬನಿಗಾಗಿ ಮಾಡಿದ್ದು" ಎಂದು ಬರೆದೆ. ಇಂಥ ಕಾರಣ ಕಡತದಲ್ಲಿ ನಡೆಯುತ್ತದಾ ಎಂದು ಕೇಳಿದೆ. "ನಡೆಯೋದಿಲ್ಲ ಸಾರ್. ಆದ್ರೆ ನಾನು ತಿದ್ದೋದಿಲ್ಲ," ಅಂದಳು.

ಹೊಸ ರೇಜರಿನಲ್ಲಿ ಸಮತಟ್ಟನ್ನು ಹಾಗೇ ಉಳಿಸುತ್ತಾರಾ, ನಿನ್ನ ನಾಲ್ಕನ್ನು ನಲವತ್ತೆಂಟಕ್ಕೆ ವಾಪಸ್ ತರುತ್ತಾರಾ ಎಂದು ಇನ್ನೂ ತೀರ್ಮಾನವಾಗಿಲ್ಲ. ಯಜಮಾನರ ಮಗಳು ನನ್ನನ್ನೇ ಕೇಳಿದಳು. ಕೆಂಪು ಚುಕ್ಕೆ ಎಲ್ಲಿಡೋಣ ಎಂದೂ ಕೇಳಿದಳು. ಹಿಂದೆ ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಿರಲಿಲ್ಲ. ಈ ಸಲ ಬಾಯಿಗೆ ಬೀಗ ಬಿದ್ದ ಹಾಗಾಯಿತು. ಆ ಬೀಗ ತೆಗೆಯುವವನು ಬೇರೆ ಊರಿನಲ್ಲಿದ್ದಾನೆ, ಅವನನ್ನು ಕೇಳಬೇಕು ಎಂದು ಹೇಳಿ ಬಂದೆ.

ಈಗ ಮೂರು ದಿನದಿಂದ ಗಡ್ಡ ಹೆರೆದಿಲ್ಲ. ರೇಜರು ಕೈಗೆ ತೆಗೆದುಕೊಂಡರೆ ಅಂಕಿ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ನಿನ್ನ ಅತ್ತಿಗೆ ಮೂರಕ್ಕೆ ಇಟ್ಟು ಹೆರೆದುಕೊಳ್ಳಿ ಎನ್ನುತ್ತಾಳೆ. ಅವಳಿಗೆ ಎಲ್ಲವೂ ಸುಲಭ.

ನಿನ್ನ ಮಗಳಿಗೆ ಈ ದೊಡ್ಡಪ್ಪನ ಮನಸಾರೆ ಆಶೀರ್ವಾದ ಹೇಳು. ಅವಳ ಕೈ ಯಾವ ಬೀಗದ ಮುಂದೆಯೂ ಸೋಲದಿರಲಿ. ನಿನ್ನ ಕಣ್ಣು ಹೀಗೇ ಚೆನ್ನಾಗಿರಲಿ, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. ನೂರು ವರ್ಷ ಬಾಳು.

ನಿನ್ನ,
ಐದಪ್ಪ

ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿಲ್ಲ. ಮೇಲಿನದನ್ನೆಲ್ಲ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಹಾಳೆ ಇದೆ. ಗೆದ್ದಲು ತಿಂದದ್ದು ನಾನು ಯಜಮಾನರಿಗೆ ಕೊಟ್ಟ ಹಾಳೆ. ಮೂವತ್ತು ಜನ ಗಡ್ಡ ಹೆರೆದು ಬಂದು ಬಂದು ಹೇಳಿದ್ದನ್ನು ನಾನು ಸೀಸದ ಕಡ್ಡಿಯಲ್ಲಿ ಬರೆದುಕೊಂಡ ಮೊದಲ ಹಾಳೆ ಬೇರೆ. ಅದು ಇಷ್ಟು ವರ್ಷ ನನ್ನ ರೇಜರಿನ ಡಬ್ಬಿಯ ತಳದಲ್ಲಿ, ಮಕಮಲ್ಲಿನ ಕೆಳಗೆ ಇತ್ತು. ಯಾಕೆ ಸುಡಲಿಲ್ಲ ಎಂದು ಕೇಳಬೇಡ. ಇದರ ಜೊತೆ ಕಳಿಸುತ್ತಿದ್ದೇನೆ. ನೀನೇ ಎಣಿಸಿಕೋ. ನಾಲ್ಕು ಚೆನ್ನಾಗಿದೆ ಅಂದವರು ಎಂಟು ಜನ. ಐದು ಚೆನ್ನಾಗಿದೆ ಅಂದವರು ಎಂಟು ಜನ. ಎರಡೂ ಒಂದೇ, ಏನೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂದವರು ಹದಿನಾಲ್ಕು ಜನ.

ಆ ಹದಿನಾಲ್ಕು ಜನರಿಗೆ ಚರ್ಮವೇ ಇಲ್ಲ, ಅವರನ್ನು ಕೇಳಿದ್ದೇ ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಹೊಸ ಹಾಳೆ ತೆಗೆದುಕೊಂಡು ಅವರೆಲ್ಲರನ್ನೂ ಐದಕ್ಕೆ ಸೇರಿಸಿ ಶಾಯಿಯಲ್ಲಿ ಬರೆದೆ. ಎಂಟು, ಹದಿನಾಲ್ಕು. ಇಪ್ಪತ್ತೆರಡು ಬಂದದ್ದು ಹಾಗೆ.

ನಿನ್ನ ಉಪಾಯ ನೀನು ಎಣಿಸಿದಂತೆಯೇ ಫಲಿಸಿತ್ತು ಎಡಚ. ಎಂಟಕ್ಕೆ ಎಂಟು. ಯಾರೂ ಗೆದ್ದಿರಲಿಲ್ಲ. ಯಜಮಾನರು ನಗುತ್ತಾ ಚುಕ್ಕೆಯನ್ನು ಎಲ್ಲೋ ಒಂದು ಕಡೆ ಇಡಿಸುತ್ತಿದ್ದರು, ನಾವಿಬ್ಬರೂ ಸಂಜೆ ಒಟ್ಟಿಗೆ ನಡೆದುಕೊಂಡು ಮನೆಗೆ ಹೋಗುತ್ತಿದ್ದೆವು. ನೀನು ಅರ ಹಾಕಿ ಜೋಡಿಸಿಟ್ಟದ್ದನ್ನು ನಾನು ಒಂದು ಹಾಳೆಯಿಂದ ಮುರಿದೆ.

ನಿನಗೆ ಆ ದಿನವೇ ಗೊತ್ತಾಗಿತ್ತು. ಎರಡೂ ಒಂದೇ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನೀನೊಬ್ಬನೇ. ಇಪ್ಪತ್ತೆರಡು ಎಂದು ಯಜಮಾನರು ಓದಿದಾಗ ನೀನು ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎರಡೂ ಒಂದೇ ಅಂದವನು ಅದರಲ್ಲಿ ಒಬ್ಬನೂ ಇರಲಿಲ್ಲ. ಮಡಚಿ ಮೇಜಿನ ಮೇಲಿಟ್ಟು "ಸರಿ, ಐದೇ ಇರಲಿ" ಅಂದೆ. ಆಮೇಲೆ ನನ್ನ ಕಡೆ ತಿರುಗಿದೆ. ನಾನು ನಿನ್ನ ಮುಖ ನೋಡಲಿಲ್ಲ. ಅವನಿಗೆ ಸೋಲು ತಡೆಯಲಾಗಲಿಲ್ಲ ಎಂದು ಅಂದಿನಿಂದ ನಿವೃತ್ತನಾಗುವವರೆಗೂ ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ನಿನ್ನ ಅತ್ತಿಗೆಗೂ ಹಾಗೇ ಹೇಳಿದ್ದೆ. ನಿಜ ಏನೆಂದು ಅವಳಿಗೆ ಹೇಳಿದ್ದು ಇವತ್ತು ಬೆಳಿಗ್ಗೆ. ಅವಳು ಬೈಯಲಿಲ್ಲ. ಈ ಕಾಗದವನ್ನು ಅಂಚೆಗೆ ತಾನೇ ಹಾಕಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

ಚುಕ್ಕೆ ಎಲ್ಲಿಡಬೇಕೆಂದು ನೀನು ಹೇಳುವವರೆಗೆ ಯಾವ ಅಂಕಿಯ ಮೇಲೂ ಇಡಬೇಡಿ ಎಂದು ಕಾರ್ಖಾನೆಗೆ ಫೋನ್ ಮಾಡಿದ್ದೇನೆ. ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ನಾನೇ ಬರಲಾ? ಬಂದರೆ ಬಾಗಿಲು ತೆಗೆಯುತ್ತೀಯಾ? ಬರುವಾಗ ಗಡ್ಡ ಹೆರೆಯದೆ ಬರುತ್ತೇನೆ, ಗುರುತು ಹಿಡಿ.